ಕಂತು ತಪ್ಪಿದ ಮನೆ, ಮೌನದ ಬೆಲೆ

ಗೃಹಸಾಲದ ಕಂತು ತಪ್ಪಿದಾಗ ಅನೇಕ ಕುಟುಂಬಗಳು ಮೊದಲು ಮಾಡುವ ಕೆಲಸವೆಂದರೆ ಅದನ್ನು ಮುಚ್ಚಿಡುವುದು. ಬ್ಯಾಂಕಿನ ಕರೆಗಳಿಗೆ ಉತ್ತರವಿಲ್ಲ. ಬಂದ ಪತ್ರ ಒಡೆಯದೆ ಕಪಾಟು ಸೇರುತ್ತದೆ. ಒಡಹುಟ್ಟಿದವರಿಗೂ ಸುದ್ದಿ ತಿಳಿಯುವುದಿಲ್ಲ. ಮಾನ ಉಳಿಸಿಕೊಳ್ಳಲೆಂದು ತಾಳಿದ ಈ ಮೌನವೇ ಎಷ್ಟೋ ಸಲ ಮನೆಯನ್ನು ಕಳೆಯುತ್ತದೆ. ಕಾನೂನು ಕೊಟ್ಟಿರುವ ಗಡುವುಗಳು ಯಾರ ಸಂಕೋಚಕ್ಕೂ ಕಾಯುವುದಿಲ್ಲ.

2002ರ ಸರ್ಫೇಸಿ ಕಾಯ್ದೆಯು, ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಅಡಮಾನದ ಆಸ್ತಿಯನ್ನು ವಶಪಡಿಸಿಕೊಂಡು ಮಾರುವ ಅಧಿಕಾರವನ್ನು ಬ್ಯಾಂಕುಗಳಿಗೆ ನೀಡಿದೆ. ಇದು ಸಹಕಾರಿ ಬ್ಯಾಂಕುಗಳಿಗೂ ಅನ್ವಯವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ತೀರ್ಪಿತ್ತಿದೆ. ಆದ್ದರಿಂದ ‘ನಮ್ಮವರೇ ನಡೆಸುವ ಬ್ಯಾಂಕು’ ಎಂಬ ಭರವಸೆಗೆ ಕಾನೂನಿನಲ್ಲಿ ಆಧಾರವಿಲ್ಲ.

ಬಾಕಿ 90 ದಿನ ಮೀರಿದರೆ ಸಾಲವು ಅನುತ್ಪಾದಕ ಆಸ್ತಿಯಾಗುತ್ತದೆ. ಆಮೇಲೆ ಬರುವ ನೋಟಿಸು ತಪ್ಪಿದ ಕಂತುಗಳನ್ನಷ್ಟೇ ಅಲ್ಲ, ಉಳಿದ ಇಡೀ ಸಾಲವನ್ನೇ 60 ದಿನಗಳಲ್ಲಿ ತೀರಿಸಲು ಕೇಳಬಹುದು. ಸಾಲಗಾರನು ಲಿಖಿತ ಆಕ್ಷೇಪ ಸಲ್ಲಿಸಿದರೆ, ಬ್ಯಾಂಕು ಅದನ್ನು ಒಪ್ಪದಿದ್ದಲ್ಲಿ 15 ದಿನಗಳೊಳಗೆ ಕಾರಣ ತಿಳಿಸಲೇಬೇಕು. 60 ದಿನ ಕಳೆದ ಮೇಲೆ ಸ್ವಾಧೀನದ ನೋಟಿಸು ಬಾಗಿಲಿಗೆ ಅಂಟುತ್ತದೆ, ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಮನೆ ತೆರವು ಮಾಡದಿದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ನೆರವನ್ನು ಬ್ಯಾಂಕು ಪಡೆಯಬಹುದು. ಈ ಕ್ರಮವನ್ನು ಪ್ರಶ್ನಿಸಿ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು ಇರುವ ಅವಧಿ 45 ದಿನ. ಹಾಗೆ ಹೋಗಲು ಬಾಕಿಯ ಶೇ. 75ರಷ್ಟನ್ನು ಮೊದಲೇ ಠೇವಣಿಯಿಡಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟು 2004ರಲ್ಲಿಯೇ ರದ್ದುಗೊಳಿಸಿದೆ.

ಇವೆಲ್ಲಕ್ಕಿಂತ ಕಠಿಣವಾದದ್ದು ಬಾಕಿ ತೀರಿಸಿ ಮನೆ ಬಿಡಿಸಿಕೊಳ್ಳುವ ಹಕ್ಕಿನ ಗಡುವು. ಮಾರಾಟ ಮುಗಿಯುವವರೆಗೂ ಈ ಹಕ್ಕು ಇರುತ್ತದೆಂದೇ ಹಲವರು ನಂಬಿದ್ದಾರೆ. ಆದರೆ 2016ರ ತಿದ್ದುಪಡಿಯ ನಂತರ, ಹರಾಜಿನ ಪ್ರಕಟಣೆ ಹೊರಬೀಳುವ ಮುನ್ನವೇ ಪೂರ್ತಿ ಬಾಕಿಯನ್ನು ಖರ್ಚುಸಹಿತ ತೀರಿಸಿರಬೇಕು. 2023ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಹರಾಜಿನ ಸುದ್ದಿ ಓದಿ ಬಂಧುಗಳು ಹಣ ಕೂಡಿಸಿ ತರುವ ಹೊತ್ತಿಗೆ ಆ ಹಕ್ಕು ಕೈಬಿಟ್ಟಿರುತ್ತದೆ.

ಮನೆ ಹೋದರೆ ಸಾಲ ತೀರಿತೆಂಬುದೂ ತಪ್ಪು ತಿಳಿವಳಿಕೆ. ಹರಾಜಿನಲ್ಲಿ ಹೆಚ್ಚಿನ ಹಣ ಬಂದರೆ ಅದು ಸಾಲಗಾರನಿಗೆ ಮರಳಬೇಕು. ಕಡಿಮೆ ಬಿದ್ದರೆ ಉಳಿದದ್ದನ್ನು ಆತನಿಂದಲೂ ಜಾಮೀನುದಾರನಿಂದಲೂ ವಸೂಲು ಮಾಡಬಹುದು. ಸ್ನೇಹಕ್ಕೋ ನೆಂಟಸ್ತಿಕೆಗೋ ಜಾಮೀನು ಸಹಿ ಹಾಕಿದವರು ಇದನ್ನು ನೆನಪಿಡಬೇಕು.

ಬ್ಯಾಂಕು ಸಾಲ ಕೊಡುವುದು ಠೇವಣಿದಾರರ ಹಣದಿಂದ. ಅದನ್ನು ಮರಳಿ ಕೇಳುವುದು ಅನ್ಯಾಯವಲ್ಲ. ಆದರೆ ವಸೂಲಿಗೂ ಮಿತಿಯಿದೆ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗಾರರು ಕರೆ ಮಾಡುವಂತಿಲ್ಲ, ಬೆದರಿಸುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಮನೆ ಬಿಡಿಸಿಕೊಳ್ಳುವ ಗಡುವಿನ ವಿಷಯದಲ್ಲಿ ಮಾತ್ರ ಕಾನೂನಿನ ತಕ್ಕಡಿ ಒಂದೇ ಕಡೆ ವಾಲಿದೆ. ನೋಟಿಸಿನಲ್ಲಿ ಕಾಯ್ದೆಯ ಕಲಮನ್ನು ಇಂಗ್ಲಿಷಿನಲ್ಲಿ ಹೆಸರಿಸಿದರೆ ಸಾಲದು. ಹಕ್ಕು ಯಾವಾಗ ಮುಗಿಯುತ್ತದೆಂಬುದನ್ನು ಸಾಲಗಾರ ಓದಬಲ್ಲ ಭಾಷೆಯಲ್ಲಿ ಸ್ಪಷ್ಟವಾಗಿ ಮುದ್ರಿಸಬೇಕು. ಮಾರಾಟದ ದಿನದವರೆಗೂ ಹಣ ಕಟ್ಟಿ ಮನೆ ಉಳಿಸಿಕೊಳ್ಳುವ ಅವಕಾಶವನ್ನು ಸಂಸತ್ತು ಮರಳಿ ಕೊಡಬೇಕು. ಪೂರ್ತಿ ಬಾಕಿ ಕೈಸೇರಿದರೆ ಬ್ಯಾಂಕಿಗೆ ಆಗುವ ನಷ್ಟವಾದರೂ ಏನು?

ಅಲ್ಲಿಯವರೆಗೆ ದಾರಿ ಕುಟುಂಬದ ಕೈಯಲ್ಲೇ ಇದೆ. ಮೊದಲ ಕಂತು ತಪ್ಪುವ ಸೂಚನೆ ಕಂಡಾಗಲೇ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ ಅವಧಿ ವಿಸ್ತರಣೆ ಕೇಳಬೇಕು. ತೀರಿಸುವುದು ಅಸಾಧ್ಯವೆನಿಸಿದರೆ, ಹರಾಜಿಗೆ ಬಿಡುವ ಬದಲು ಬ್ಯಾಂಕಿನ ಒಪ್ಪಿಗೆ ಪಡೆದು ತಾವೇ ಮಾರುವುದು ಮೇಲು. ಬಂಧುಗಳು ಕೂಡ ಆಡಿಕೊಳ್ಳುವುದನ್ನು ಬಿಟ್ಟು ಜೊತೆಗೆ ಕುಳಿತು ಆ ಪತ್ರವನ್ನು ಓದಬೇಕು. ಸಾಲದಲ್ಲಿ ಸೋಲುವುದು ಅವಮಾನವಲ್ಲ. ಕೇಳಿದರೆ ಉಳಿಯಬಹುದಾಗಿದ್ದ ಮನೆಯನ್ನು ಸಂಕೋಚಕ್ಕೆ ಬಲಿಕೊಡುವುದು ವಿವೇಕವಲ್ಲ.