ಈ ರಾಜ್ಯೋತ್ಸವಕ್ಕೆ ಟೀ ಶರ್ಟ್ ಬೇಡ, ಕೌದಿ ಹೊಲಿಯೋಣ

ನವೆಂಬರ್ ಹತ್ತಿರ ಬಂತೆಂದರೆ ನಮ್ಮ ಸಂಘದಲ್ಲಿ ಮೊದಲು ಏಳುವ ಚರ್ಚೆ ಟೀ ಶರ್ಟಿನದು. ಹಳದಿಯೋ ಕೆಂಪೋ, ಬೆನ್ನಿನ ಮೇಲೆ ಏನು ಬರೆಸೋದು, ಎಷ್ಟು ಮೀಡಿಯಂ, ಎಷ್ಟು ಲಾರ್ಜ್. ಒಂದು ದಿನ ಹಾಕ್ಕೊಂಡು ಫೋಟೋ ತೆಗೆಸಿಕೊಳ್ತೀವಿ. ಆಮೇಲೆ ಅದು ಜಿಮ್‌ಗೆ, ಅಲ್ಲಿಂದ ಕಪಾಟಿನ ತಳಕ್ಕೆ. ಕೋರ್ಸ್ ಮುಗಿಸಿ ಮನೆ ಖಾಲಿ ಮಾಡುವ ಮೇ ತಿಂಗಳಲ್ಲಿ ಅಪಾರ್ಟ್‌ಮೆಂಟಿನ ಕಸದ ಡಬ್ಬಿ ಪಕ್ಕ ನಿಂತು ನೋಡಿ. ಡಾಲಸ್, ಹ್ಯೂಸ್ಟನ್, ಆಸ್ಟಿನ್, ಎಲ್ಲೇ ಆಗಲಿ ದೃಶ್ಯ ಒಂದೇ.

'ಗುಡ್‌ವಿಲ್‌ಗೆ ಕೊಟ್ರೆ ಆಯ್ತಲ್ಲ' ಅನ್ನುವವರಿದ್ದಾರೆ. ಕೊಡಿ, ಬೇಡ ಅನ್ನಲ್ಲ. ಆದರೆ ದಾನವಾಗಿ ಬಂದದ್ದೆಲ್ಲ ಅಂಗಡಿಯಲ್ಲಿ ಮಾರಾಟವಾಗುವುದಿಲ್ಲ. ಅಮೆರಿಕದ ಹಳೇ ಬಟ್ಟೆ ಮೂಟೆಗಟ್ಟಿಕೊಂಡು ಹಡಗು ಹತ್ತಿ ಹರಿಯಾಣದ ಪಾಣಿಪತ್‌ವರೆಗೂ ಹೋಗುತ್ತೆ. ಅಲ್ಲಿ ಅದನ್ನು ಚಿಂದಿ ಮಾಡಿ, ನೂಲು ತೆಗೆದು ಕಂಬಳಿ ನೇಯ್ತಾರೆ. ಅಷ್ಟು ದೂರ ಹೋಗುವ ಭಾಗ್ಯವೂ ಬಹಳಷ್ಟು ಬಟ್ಟೆಗಿಲ್ಲ. ಇಲ್ಲಿನ ಇಪಿಎ ಲೆಕ್ಕದಂತೆ 2018ರಲ್ಲಿ ಈ ದೇಶದ ಬಟ್ಟೆ ತ್ಯಾಜ್ಯ 1.7 ಕೋಟಿ ಟನ್. ಮರುಬಳಕೆಯಾದದ್ದು 25 ಲಕ್ಷ ಟನ್, ಮಣ್ಣಿಗೆ ಹೋದದ್ದು 1.13 ಕೋಟಿ ಟನ್.

ಇಂಜಿನಿಯರಿಂಗ್ ಓದಿ ಬಂದವರಾದ್ದರಿಂದ ಕಾರಣವನ್ನೂ ಹೇಳಿಬಿಡ್ತೀವಿ. ಹತ್ತಿ, ಪಾಲಿಯೆಸ್ಟರ್ ಕಲೆಸಿದ ಬಟ್ಟೆಯಲ್ಲಿ ಒಂದನ್ನೊಂದು ಬೇರ್ಪಡಿಸುವುದು ಕಷ್ಟ, ದುಬಾರಿ ಕೂಡ. ಯಂತ್ರಕ್ಕೆ ಹಾಕಿ ಹರಿದರೆ ನಾರು ಗಿಡ್ಡವಾಗುತ್ತೆ, ಮತ್ತೆ ಅಂಥದೇ ಬಟ್ಟೆ ಆಗಲ್ಲ. ಎದೆ ಮೇಲಿನ ಪ್ಲಾಸ್ಟಿಕ್ ಅಚ್ಚು ಇನ್ನೊಂದು ತೊಡಕು.

ನಮ್ಮ ಕಡೆಯ ಕೌದಿಗೆ ಈ ತಲೆನೋವೇ ಇಲ್ಲ. ಅದು ಬಟ್ಟೆಯನ್ನು ಬಟ್ಟೆಯಾಗಿಯೇ ಇಟ್ಟುಕೊಳ್ಳುತ್ತೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಅಜ್ಜಿಯ ಇಳಕಲ್ ಸೀರೆ, ಅಜ್ಜನ ಧೋತರ, ಮಗುವಿನ ಅಂಗಿ ಎಲ್ಲ ಒಂದೇ ಕೌದಿಯಲ್ಲಿ ಸಿಗಬಹುದು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಇಂಥದ್ದನ್ನೇ ಕವಂದಿ ಅಂತಾರೆ. ಮೂಲೆಯಿಂದ ಹೊಲಿಗೆ ಶುರುವಾಗಿ, ಅಂಚು ಹಿಡಿದು ಸುತ್ತುತ್ತ ಸುತ್ತುತ್ತ ಒಳಕ್ಕೆ ಬಂದು ನಡುವಿನಲ್ಲಿ ಮುಗಿಯುತ್ತೆ. ಮೂಲೆಗಳಿಗೆ ಮಡಚಿದ ತ್ರಿಕೋನದ ಚೂರುಗಳನ್ನು ಹಚ್ಚುತ್ತಾರೆ, ಅದಕ್ಕೆ 'ಫೂಲ' ಅಂತ ಹೆಸರು. ಅಮೆರಿಕದಲ್ಲೂ ಕ್ವಿಲ್ಟ್ ಹೊಲಿಯುವವರು ಈ ವಿಧಾನ ಕಲೀತಿದ್ದಾರೆ. ನಾವು ಮಾತ್ರ ಆಸ್ಟಿನ್ನಿನ ಡೊಮೇನ್ ಸುತ್ತಿ ಇನ್ನೊಂದು ಫ್ಲೀಸ್ ಹೊದಿಕೆ ಹೊತ್ಕೊಂಡು ಬರ್ತೀವಿ!

ಹಾಗಾಗಿ ನಮ್ಮ ಮಾತು ನೇರ. ಈ ವರ್ಷ ಹೊಸ ಟೀ ಶರ್ಟ್ ಅಚ್ಚು ಹಾಕಿಸೋದು ಬೇಡ. ಹಳೇವನ್ನೇ ತಂದು ಸಂಘಕ್ಕೊಂದು ಕೌದಿ ಹೊಲಿಯೋಣ. ಹಬ್ಬದ ದಿನದ ಗುರುತಿಗೆ ಕೆಂಪು ಹಳದಿ ಶಲ್ಯ ಸಾಕು, ಅದು ಮುಂದಿನ ವರ್ಷಕ್ಕೂ ಬರುತ್ತೆ. ಹುಡುಗರೂ ಸೂಜಿ ಹಿಡೀಬೇಕು. ಊರಲ್ಲಿ ಈ ಕೆಲಸವನ್ನೆಲ್ಲ ಹೆಂಗಸರ ಮಧ್ಯಾಹ್ನಗಳಿಗೆ ಬಿಟ್ಟದ್ದು ಸಾಕು.

ಟೀ ಶರ್ಟ್ ಬಟ್ಟೆ ಎಳೆದರೆ ಹಿಗ್ಗುತ್ತೆ, ಅದಕ್ಕೇ ಅಡಿಗೆ ಹಿಗ್ಗದ ಹತ್ತಿ ಬಟ್ಟೆ ಹಾಕಬೇಕು. ಅಚ್ಚು ದಪ್ಪಗಿರುವ ಕಡೆ ಸೂಜಿ ಸುಲಭಕ್ಕೆ ಇಳಿಯಲ್ಲ, ಅದರ ಸುತ್ತ ಹೊಲೀಬೇಕು. ಪದರ ಮೂರೇ ಸಾಕು, ಜಾಸ್ತಿಯಾದರೆ ನೆನೆದ ಕೌದಿಯ ಭಾರ ಅಪಾರ್ಟ್‌ಮೆಂಟಿನ ವಾಷರ್ ತಡೆಯಲ್ಲ. ಅಮ್ಮ ಕಳಿಸಿದ ಹಳೇ ಹತ್ತಿ ಸೀರೆಯೋ, ಅಪ್ಪನ ಪಂಚೆಯೋ ಯಾರ ಹತ್ತಿರವಾದರೂ ಇದ್ದರೆ ಅಕ್ಟೋಬರ್ ಒಳಗೆ ತಿಳಿಸಿ.