ಅವಧಿಗೆ ಮುನ್ನ ಸಾಲ ತೀರಿಸುವುದು

ಸರ್ವಜ್ಞನ ಸಾಲದ ತ್ರಿಪದಿಯನ್ನು ಬಾಯಿಪಾಠ ಮಾಡದ ಕನ್ನಡ ವಿದ್ಯಾರ್ಥಿ ವಿರಳ. ಅದನ್ನು ಕಲಿತ ನಾವು, ಸಾಲವು ಎಷ್ಟು ಬೇಗ ತೀರಿದರೆ ಅಷ್ಟು ಒಳಿತೆಂದು ನಂಬಿರುವುದು ಸಹಜ. ಆ ನಂಬಿಕೆಯನ್ನು ನಮ್ಮ ನಗರದ ಕಾಸಿಮೇಡಿಗೆ ಒಯ್ದು ಒಮ್ಮೆ ಪರೀಕ್ಷಿಸಿ ನೋಡೋಣ.

ಕಾಸಿಮೇಡು ಚೆನ್ನೈಯ ಉತ್ತರ ಭಾಗದಲ್ಲಿ, ರಾಯಪುರಂಗೆ ಹೊಂದಿಕೊಂಡಿರುವ ಮೀನುಗಾರಿಕೆಯ ಬಂದರು. ಬೆಳಗಿನ ಜಾವದಲ್ಲಿ ಅಲ್ಲಿಗೆ ಹೋದವರು ದೋಣಿಗಳ ಸಾಲನ್ನೂ ಹರಾಜಿನ ಗದ್ದಲವನ್ನೂ ಕಂಡು, ಇಲ್ಲಿ ಹಣಕ್ಕೇನು ಕೊರತೆಯೆಂದುಕೊಂಡಾರು. ಆದರೆ ಪ್ರತಿವರ್ಷ ಏಪ್ರಿಲ್ ೧೫ರಿಂದ ಜೂನ್ ೧೪ರವರೆಗೆ, ಮೀನಿನ ಸಂತಾನ ಬೆಳೆಯಲೆಂದು, ೬೧ ದಿನ ಯಂತ್ರಚಾಲಿತ ದೋಣಿಗಳು ಕಡಲಿಗಿಳಿಯುವಂತಿಲ್ಲ. (ಮಂಗಳೂರು, ಮಲ್ಪೆಗಳಲ್ಲಿ ಇಂತಹುದೇ ನಿಷೇಧವು ಜೂನ್, ಜುಲೈ ತಿಂಗಳುಗಳಲ್ಲಿ ಬರುತ್ತದೆ.) ಸರ್ಕಾರವು ಪರಿಹಾರಧನ ಕೊಡುವುದು ನಿಜ. ಆದರೆ ಬಲೆಯ ದುರಸ್ತಿ, ಎಂಜಿನ್ನಿನ ದುರಸ್ತಿ, ಮಕ್ಕಳ ಪುಸ್ತಕ, ಎಲ್ಲವೂ ಬಂದೊದಗುವುದು ಆ ದಿನಗಳಲ್ಲಿಯೇ. ಕಡಲಿಗೆ ರಜೆಯುಂಟು, ಬ್ಯಾಂಕಿನ ಕಂತಿಗೆ ಇಲ್ಲ.

ಹೀಗೆ ಕಂತು ತಪ್ಪಿದ ಮೀನುಗಾರನೊಬ್ಬನು ಬ್ಯಾಂಕಿನವರನ್ನು ಕಂಡು, ಬಾಕಿಯನ್ನು ಸಣ್ಣ ಕಂತುಗಳಾಗಿ ಹಂಚಿಸಿಕೊಂಡು, ಲಿಖಿತ ಒಪ್ಪಂದ ಮಾಡಿಕೊಂಡಿದ್ದಾನೆಂದು ಭಾವಿಸೋಣ. ಮಾರ್ಚ್ ತಿಂಗಳಲ್ಲಿ ಒಳ್ಳೆಯ ಮೀನು ಬಿದ್ದು ಕೈಗೆ ಸ್ವಲ್ಪ ಹಣ ಬಂದಿತು. ಅದರೊಡನೆ ಹೆಂಡತಿಯ ಬಳೆಗಳನ್ನೂ ಸೇರಿಸಿದರೆ ಸಾಲವನ್ನು ಒಮ್ಮೆಗೇ ಮುಗಿಸಿಬಿಡಬಹುದು. ಮುಗಿಸಬೇಕೆ?

ಕೂಡದೆಂಬುದು ನಮ್ಮ ಅಭಿಮತ. ಬಾಕಿ ೫೦,೦೦೦ ರೂಪಾಯಿ, ಬಡ್ಡಿ ವರ್ಷಕ್ಕೆ ನೂರಕ್ಕೆ ೧೨ ಎನ್ನೋಣ. ಸಾಲ ತೀರಿಸಿದರೆ ಮೊದಲ ತಿಂಗಳಲ್ಲಿ ಉಳಿಯುವ ಬಡ್ಡಿ ೫೦೦ ರೂಪಾಯಿ. ಕೈ ಬರಿದಾದ ಮೇಲೆ ಮೇ ತಿಂಗಳಲ್ಲಿ ಎಂಜಿನ್ ಕೆಟ್ಟು, ಅಷ್ಟೇ ಹಣವನ್ನು ತಿಂಗಳಿಗೆ ನೂರಕ್ಕೆ ೫ರಂತೆ ಬಡ್ಡಿಯವನಿಂದ ತಂದರೆ, ತೆರಬೇಕಾದುದು ತಿಂಗಳಿಗೆ ೨,೫೦೦. ಗಣಿತದಲ್ಲಿ ಹಿಂದುಳಿದ ನಮಗೂ ಈ ಲೆಕ್ಕ ಅರ್ಥವಾಗುತ್ತದೆ.

ಮೀನು ವ್ಯಾಪಾರಿಯಿಂದ ಮುಂಗಡ ಪಡೆಯುವುದು ಇನ್ನೂ ಸೂಕ್ಷ್ಮವಾದ ಸಂಗತಿ. ಅಲ್ಲಿ ಬಡ್ಡಿಯ ಮಾತನ್ನೇ ಎತ್ತದಿರಬಹುದು. ಹಿಡಿದ ಮೀನನ್ನು ಅವನಿಗೇ, ಅವನು ಕಟ್ಟಿದ ಬೆಲೆಗೇ ಕೊಡಬೇಕಾಗಿ ಬಂದರೆ, ಬಡ್ಡಿಯು ಆ ಬೆಲೆಯೊಳಗೇ ಅಡಗಿರುತ್ತದೆ. ಅಂತಹ ಸಾಲಕ್ಕೆ ಕಂತೂ ಇಲ್ಲ, ಕೊನೆಯೂ ಇಲ್ಲ. ಹಣವಿದ್ದರೆ ಮೊದಲು ತೀರಿಸಬೇಕಾದುದು ಇದನ್ನು.

ಋಣವಿಳಿದ ಮನಸ್ಸಿನ ನೆಮ್ಮದಿಗೆ ಬೆಲೆಯಿಲ್ಲವೆ ಎಂದು ಮಿತ್ರರು ಕೇಳಿಯಾರು. ಉಂಟು. ಕಂತಿನ ದಿನ ಸಮೀಪಿಸಿದಂತೆ ತಂದೆಯವರ ಊಟ ಕಡಮೆಯಾಗುವುದನ್ನು ನಮ್ಮಲ್ಲಿಯೂ ಕೆಲವರು ಕಂಡಿದ್ದೇವೆ. ಎರಡು ತಿಂಗಳ ಅಕ್ಕಿಗೆ, ದುರಸ್ತಿಗೆ ತೆಗೆದಿಟ್ಟು ಮಿಕ್ಕುದರಲ್ಲಿ ತೀರಿಸಿದರೆ ಆ ನೆಮ್ಮದಿ ಉಳಿದೀತು. ಬಳೆ ಮಾರಿ ಪಡೆದುದು ಜೂನ್ ತಿಂಗಳವರೆಗೆ ಬಾಳುವುದೇ ಕಷ್ಟ.

ತೀರಿಸುವವರು ಕಾಗದದ ವಿಷಯದಲ್ಲಿಯೂ ಎಚ್ಚರವಾಗಿರಬೇಕು. ಅವಧಿಗೆ ಮುನ್ನ ಕೊಡುವುದಕ್ಕೆ ಶುಲ್ಕ ವಿಧಿಸುವ ಸಾಲಗಳೂ ಉಂಟು. ಬಾಕಿಗಿಂತ ಕಡಮೆ ಹಣಕ್ಕೆ ರಾಜಿಯಾದರೆ, ಸಾಲದ ದಾಖಲೆಯಲ್ಲಿ ಪೂರ್ಣ ಸಂದಾಯವೆಂದು ಬರೆಯದೆ ರಾಜಿಯೆಂದು ಬರೆಯುತ್ತಾರೆ. ಮುಂದೆ ಸಾಲ ಕೇಳಿದಾಗ ಅದು ಅಡ್ಡ ಬರುತ್ತದೆ. ಪೂರ್ತಿ ತೀರಿಸಿದವನಿಗೆ ಅಡವಿಟ್ಟ ಆಸ್ತಿಪತ್ರಗಳನ್ನು ೩೦ ದಿನಗಳೊಳಗೆ ಹಿಂದಿರುಗಿಸಬೇಕೆಂದೂ, ತಪ್ಪು ತಮ್ಮದಾಗಿ ತಡವಾದರೆ ದಿನಕ್ಕೆ ೫,೦೦೦ ರೂಪಾಯಿ ಕೊಡಬೇಕೆಂದೂ ರಿಜರ್ವ್ ಬ್ಯಾಂಕು ೨೦೨೩ರಲ್ಲಿ ಆಜ್ಞೆ ಮಾಡಿದೆ. ಬಡ್ಡಿ, ಶುಲ್ಕಗಳನ್ನು ತಿಳಿಸುವ ವಿವರಣಾಪತ್ರವು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕೆಂಬುದು ಅದರದೇ ೨೦೨೪ರ ನಿಯಮ. ಕಾಸಿಮೇಡಿನವನು ಅದನ್ನು ತಮಿಳಿನಲ್ಲಿ ಕೇಳಬಹುದು. ನಮ್ಮ ಮನೆಗಳಲ್ಲಿ ಅದನ್ನು ಕನ್ನಡದಲ್ಲಿ ಕೊಡಿರೆಂದು ಕೇಳಿದವರು ಎಷ್ಟು ಮಂದಿ?