ಪಹಣಿಯಲ್ಲಿ ತಪ್ಪಿದ್ರೆ ಪರಿಹಾರಕ್ಕೆ ಕತ್ತರಿ

‘ಅರ್ಜಿ ಹಾಕಿದ್ದೆ, ದುಡ್ಡು ಬರಲಿಲ್ಲ.’ ಈ ಮಾತು ಕೇಳದ ಊರಿಲ್ಲ. ವಿಚಾರಿಸಿದ್ರೆ ಸಿಗೋ ಉತ್ತರ ಒಂದೇ: ‘ಸಿಸ್ಟಂನಲ್ಲಿ ತೋರಿಸ್ತಿಲ್ಲ.’ ಯಾವ ಸಿಸ್ಟಂ ಅಂತ ಕೇಳಿ. ಯಾಕಂದ್ರೆ ನಮ್ಮ ವಿವರ ಇರೋದು ಒಂದು ಕಡೆ ಅಲ್ಲ.

ಪುಲಿಕೇಶಿನಗರದ ಮನೆಗಳಿಗೆ ನಾನು ವಾರವಾರ ಸಾವಯವ ತರಕಾರಿ ಕೊಡ್ತೀನಿ. ಅಲ್ಲಿ ಡೇಟಾಬೇಸ್ ಕೆಲಸ ಮಾಡೋ ಗ್ರಾಹಕರೊಬ್ಬರು ಹೇಳೋ ಪ್ರಕಾರ, ದೊಡ್ಡ ವ್ಯವಸ್ಥೆಯಲ್ಲಿ ಯಾವುದು ಯಾವುದನ್ನು ನೆಚ್ಚಿಕೊಂಡಿದೆ ಅನ್ನೋ ನಕ್ಷೆ ಇಲ್ಲದೆ ಏನನ್ನೂ ಮುಟ್ಟಬಾರದು. ಅದಕ್ಕೆ ಅವರು ‘ಡಿಪೆಂಡೆನ್ಸಿ’ ಅಂತಾರೆ. ನಮಗೆ ಇದು ಹೊಸದಲ್ಲ. ಡ್ರಿಪ್ ಫಿಲ್ಟರ್ ಕಟ್ಟಿಕೊಂಡಿರುವಾಗ ಕೊನೆ ಸಾಲಿನ ಪೈಪ್ ಬದಲಾಯಿಸಿದ್ರೆ ನೀರು ಬರುತ್ತಾ?

ನಮ್ಮ ದಾಖಲೆಗಳಿಗೂ ಇಂಥದ್ದೇ ನಕ್ಷೆ ಇದೆ. ಬುಡದಲ್ಲಿ ‘ಭೂಮಿ’. 2000ದ ಆಸುಪಾಸಿನಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಕೈಬರಹದ ಕಾಲದ ತಪ್ಪುಗಳೂ ಎಷ್ಟೋ ಕಡೆ ಜೊತೆಗೇ ಹೋದವು. ಅದರ ಮೇಲೆ ‘ಫ್ರೂಟ್ಸ್’: ಆಧಾರ್ ಹೆಸರು, ಬ್ಯಾಂಕ್ ಖಾತೆ, ಭೂಮಿಯ ಸರ್ವೆ ನಂಬರ್ ಸೇರಿ ನಿಮ್ಮ ಎಫ್‌ಐಡಿ. ಪಕ್ಕದಲ್ಲಿ ಬೆಳೆ ಸಮೀಕ್ಷೆ. ಸಹಾಯಧನ, ಬೆಂಬಲ ಬೆಲೆ ಖರೀದಿ, ಬೆಳೆ ವಿಮೆ, ಬರ ಪರಿಹಾರ ಎಲ್ಲವೂ ಇವುಗಳನ್ನೇ ನೋಡುತ್ತವೆ.

2023ರ ಬರದಲ್ಲಿ ಪರಿಹಾರಕ್ಕೆ ಫ್ರೂಟ್ಸ್ ಮಾಹಿತಿಯೇ ಆಧಾರವಾಯ್ತು. ಮೂರು ಎಕರೆ ಇದ್ದು ಎಫ್‌ಐಡಿಗೆ ಎರಡೇ ಎಕರೆ ಸೇರಿಸಿದ್ರೆ ಲೆಕ್ಕಕ್ಕೆ ಬರೋದು ಎರಡೇ. ವಿಮೆಯಲ್ಲೂ ಅಷ್ಟೆ: ನೀವು ರಾಗಿಗೆ ಕಂತು ಕಟ್ಟಿ, ಸಮೀಕ್ಷೆಯಲ್ಲಿ ಜೋಳ ಅಂತಿದ್ರೆ ಅರ್ಜಿ ತಿರಸ್ಕಾರ ಆಗಬಹುದು.

ಅದಕ್ಕೇ ಬುಡದಿಂದ ಶುರು ಮಾಡಿ. ಪಹಣಿಯಲ್ಲಿ ಇನ್ನೂ ತಾತನ ಹೆಸರಿದ್ರೆ ನಾಡಕಚೇರಿಗೆ ಹೋಗಿ ಪೌತಿ ಖಾತೆ ಮಾಡಿಸಿ. ಆಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಎಲ್ಲ ಸರ್ವೆ ನಂಬರ್ ಎಫ್‌ಐಡಿಗೆ ಸೇರಿಸಿ. ಬ್ಯಾಂಕಿನಲ್ಲಿ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಕೇಳಿ. ಪ್ರತಿ ಹಂಗಾಮಿಗೂ ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ನಿಮ್ಮ ಬೆಳೆ ನೋಡಿ, ತಪ್ಪಿದ್ರೆ ಗಡುವಿನೊಳಗೆ ಆಕ್ಷೇಪಣೆ ಹಾಕಿ.

ಆದ್ರೆ ಹೊಣೆಯೆಲ್ಲ ರೈತನದ್ದೇ ಅನ್ನೋದು ನ್ಯಾಯವಲ್ಲ. ಈ ದಾಖಲೆಗಳನ್ನು ಒಂದಕ್ಕೊಂದು ಜೋಡಿಸಿದ್ದು ಸರ್ಕಾರ. ಎಲ್ಲಿ ತಡೆಯಾಯ್ತು ಅನ್ನೋದು ಆ ಕಂಪ್ಯೂಟರಿಗೇ ಮೊದಲು ಗೊತ್ತಾಗೋದು. ಹಾಗಿರುವಾಗ ‘ತಿರಸ್ಕೃತ’ ಅಂತ ಬರೆದು ಸುಮ್ಮನಾದ್ರೆ ಸಾಲದು. ಯಾವ ದಾಖಲೆ ಹೊಂದಲಿಲ್ಲ, ಯಾವ ಕಚೇರಿಯಲ್ಲಿ, ಎಷ್ಟು ದಿನದೊಳಗೆ ಸರಿಪಡಿಸಬೇಕು ಅಂತ ಕನ್ನಡದಲ್ಲಿ ಒಂದು ಮೆಸೇಜ್ ಬರಬೇಕು. ಸಬ್ಸಿಡಿ ಕೇಳುವಷ್ಟೇ ಗಟ್ಟಿಯಾಗಿ ನಾವು ಇದನ್ನೂ ಕೇಳಬೇಕು. ಮುಂದಿನ ಗ್ರಾಮಸಭೆಯಲ್ಲಿ ನೀವೇ ಮೊದಲು ಎದ್ದು ನಿಂತು ಕೇಳಿ.